ಅಡಗೂಲಜ್ಜಿಯ ಕಥೆ ಮತ್ತು ನ್ಯಾಯದ ಪ್ರಶ್ನೆ: ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಕಥನದ ನೆಲೆಗಳು

ಪ್ಲೇಟೋನ ‘ರಿಪಬ್ಲಿಕ್’ ಕೃತಿಯ ಮೊದಲ ಭಾಗದಲ್ಲಿ, ನ್ಯಾಯವೆಂದರೆ ಬಲಿಷ್ಠನ ಹಿತವೇ ಹೊರತು ಬೇರೇನೂ ಅಲ್ಲ ಎಂದು ಗುಡುಗುವ ಥ್ರಾಸಿಮಕಸ್ ಚರ್ಚೆಯಲ್ಲಿ ಸೋಲುತ್ತ ಬಂದಾಗ ಒಂದು ವಿಚಿತ್ರ ನಿಲುವು ತಾಳುತ್ತಾನೆ. ಇನ್ನು ತಾನು ವಾದಿಸುವುದಿಲ್ಲ, ಕಥೆ ಹೇಳುವ ಮುದುಕಿಯರ ಮುಂದೆ ಕುಳಿತವರಂತೆ ಸುಮ್ಮನೆ ತಲೆಯಾಡಿಸುತ್ತ ಒಪ್ಪಿಗೆಯ ಮಾತು ಹಾಕುತ್ತೇನೆ ಎನ್ನುತ್ತಾನೆ. ನಮ್ಮ ಹಳ್ಳಿಗಳಲ್ಲಿ ಕಥೆ ಕೇಳಿದವರಿಗೆ ಈ ಸನ್ನಿವೇಶ ಅಪರಿಚಿತವಲ್ಲ. ಹೂಂಗುಟ್ಟುವವರಿಲ್ಲದೆ ನಮ್ಮಲ್ಲಿ ಕಥೆ ಮುಂದೆ ಸಾಗದು. ಆದರೆ ಕಥೆಗಾರ್ತಿಗೆ ಸಲ್ಲುವ ಗೌರವವಾಗಿ ನಾವು ಕಾಣುವ ಈ ಹೂಂಕಾರ ಥ್ರಾಸಿಮಕಸ್‌ನಿಗೆ ಎದುರಾಳಿಯನ್ನು ಹೀನಾಯಗೊಳಿಸುವ ಉಪಾಯ. ‘ಗೋರ್ಜಿಯಸ್’ ಸಂವಾದದ ಕೊನೆಯಲ್ಲಿಯೂ ಇದೇ ಧ್ವನಿಯಿದೆ. ಸತ್ತವರ ವಿಚಾರಣೆಯ ಕಥೆಯನ್ನು ಹೇಳಿ ಮುಗಿಸಿದ ಸಾಕ್ರಟೀಸ್, ಇದನ್ನು ಮುದುಕಿಯ ಕಥೆಯೆಂದು ನೀನು ತಿರಸ್ಕರಿಸಬಹುದು ಎಂದು ಕ್ಯಾಲಿಕ್ಲಿಸ್‌ಗೆ ತಾನೇ ಮುಂದಾಗಿ ಹೇಳುತ್ತಾನೆ. ಕನ್ನಡದ ‘ಅಡಗೂಲಜ್ಜಿ ಕಥೆ’ ಎಂಬ ನುಡಿಗಟ್ಟಿನಲ್ಲಿರುವ ತಾತ್ಸಾರವೇ ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿನ ಈ ಮಾತುಗಳಲ್ಲಿಯೂ ಇದೆ.

ಗ್ರೀಕ್ ರಾಜಕೀಯ ತತ್ತ್ವಶಾಸ್ತ್ರದ ಪಠ್ಯಪುಸ್ತಕಗಳು ಈ ಕಥೆಗಳನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ನಿಭಾಯಿಸುತ್ತವೆ: ಒಂದೋ ಅವನ್ನು ವಾದಕ್ಕೆ ಹೊದಿಸಿದ ಅಲಂಕಾರವೆಂದು ದಾಟಿ ಹೋಗುತ್ತವೆ, ಇಲ್ಲವೇ ಕಥೆಯ ತಿರುಳೆಂದು ಒಂದೆರಡು ವಾಕ್ಯಗಳನ್ನು ಹಿಂಡಿ ತೆಗೆದು ಉಳಿದುದನ್ನು ಬಿಟ್ಟುಬಿಡುತ್ತವೆ. ಜಾನಪದದ ಅಭ್ಯಾಸಿಗೆ ಈ ಎರಡೂ ಕ್ರಮಗಳು ಒಪ್ಪಿಗೆಯಾಗಲಾರವು. ಕಥೆಯ ವಿವರ, ಅದರ ಪಾಠಾಂತರ, ಅದನ್ನು ಯಾರು ಯಾರಿಗೆ ಹೇಳಿದರೆಂಬ ಸಂದರ್ಭ, ಇವುಗಳಲ್ಲಿಯೇ ಅರ್ಥವಿದೆ ಎಂಬುದು ನಮ್ಮ ಶಿಸ್ತು ಕಲಿಸಿದ ಮೊದಲ ಪಾಠ. ನ್ಯಾಯದ ಬಗೆಗೆ ತರ್ಕ ಸಾಧಿಸಲಾರದ ಎಡೆಗಳಲ್ಲೆಲ್ಲ ಪ್ಲೇಟೋ ಕಥೆಯ ಮೊರೆ ಹೋಗುತ್ತಾನೆ. ಆದರೆ ಹಾಗೆ ಕರೆತಂದ ಕಥೆ ಪ್ರತಿ ಸಲವೂ ಅವನ ಪರವಾಗಿಯೇ ಸಾಕ್ಷಿ ನುಡಿಯುವುದಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

‘ರಿಪಬ್ಲಿಕ್’ನಲ್ಲಿ ನ್ಯಾಯವೆಂದರೇನು ಎಂಬ ಪ್ರಶ್ನೆ ಹುಟ್ಟುವುದೇ ಇಂಥ ಕಥೆಗಳ ಭಯದಿಂದ ಎಂಬುದನ್ನು ಗಮನಿಸಬೇಕು. ಪಿರೇಯಸ್ ಬಂದರಿನ ಮುದುಕ, ಶ್ರೀಮಂತ ಕೆಫಾಲಸ್ ಹೇಳುವುದಿಷ್ಟು: ಇಲ್ಲಿ ಅನ್ಯಾಯ ಮಾಡಿದವನು ಪಾತಾಳದಲ್ಲಿ ತೆರಬೇಕು ಎಂಬ ಕಥೆಗಳನ್ನು ಕೇಳಿ ಹಿಂದೆ ನಗುತ್ತಿದ್ದೆ, ಸಾವು ಹತ್ತಿರ ಬಂದಂತೆ ಅವು ನಿಜವಾಗಿದ್ದರೇನು ಗತಿ ಎಂಬ ಅಳುಕು ಕಾಡುತ್ತಿದೆ, ಯಾರ ಸಾಲವನ್ನೂ ಉಳಿಸಿಕೊಳ್ಳದೆ, ಯಾರಿಗೂ ಸುಳ್ಳಾಡದೆ ಹೋಗಲು ಹಣ ನೆರವಾಯಿತು. ಸಾಕ್ರಟೀಸ್ ಈ ಮಾತಿನ ಎಳೆಯನ್ನು ಹಿಡಿದು, ಹಾಗಾದರೆ ಸತ್ಯ ನುಡಿದು ಸಾಲ ತೀರಿಸುವುದಷ್ಟೇ ನ್ಯಾಯವೇ ಎಂದು ಕೇಳುತ್ತಾನೆ. ಮುದುಕ ನಗುತ್ತ ಬಲಿ ಅರ್ಪಿಸಲು ಎದ್ದು ಹೋಗುತ್ತಾನೆ. ಹತ್ತು ಭಾಗಗಳ ಬೃಹದ್ಗ್ರಂಥ ಅವನು ಬಿಟ್ಟುಹೋದ ಭಯಕ್ಕೆ ಬರೆದ ಉತ್ತರ.

ಗ್ರೀಕರ ‘ದಿಕೇ’ ಎಂಬ ಶಬ್ದದ ಇತಿಹಾಸವೂ ಇಲ್ಲಿ ಪ್ರಸ್ತುತ. ಹೋಮರನಲ್ಲಿ ಅದು ರೂಢಿ, ರೀತಿ, ತೀರ್ಪು ಎಂಬ ಅರ್ಥಗಳಲ್ಲಿ ಬರುತ್ತದೆ. ಮುಂದೆ ಅಥೆನ್ಸಿನ ನ್ಯಾಯಸ್ಥಾನಗಳಲ್ಲಿ ಅದೇ ಶಬ್ದ ವ್ಯಾಜ್ಯಕ್ಕೂ ಶಿಕ್ಷೆಗೂ ಸಲ್ಲುತ್ತದೆ. ಗುಣವಾಚಕವಾದ ‘ದಿಕಾಯೊಸುನೇ’, ಎಂದರೆ ನ್ಯಾಯವಂತಿಕೆ, ಅನಂತರದ ಬೆಳವಣಿಗೆ. ಕನ್ನಡದ ಓದುಗರಿಗೆ ಇದನ್ನು ವಿವರಿಸುವ ಶ್ರಮವಿಲ್ಲ. ನಮ್ಮ ಗ್ರಾಮಗಳಲ್ಲಿ ‘ನ್ಯಾಯ’ವೆಂದರೆ ಒಂದು ತತ್ತ್ವವೂ ಹೌದು, ಕಟ್ಟೆಯ ಮೇಲೆ ಕೂಡುವ ಜಗಳದ ವಿಚಾರಣೆಯೂ ಹೌದು; ‘ಅವರ ಮನೆ ನ್ಯಾಯ ನಿನ್ನೆ ಆಯಿತು’ ಎಂಬಲ್ಲಿ ಎರಡನೆಯ ಅರ್ಥ ಮಾತ್ರ ಇದೆ. ಎರಿಕ್ ಹ್ಯಾವ್‌ಲಾಕ್ ಅವರು 1978ರಲ್ಲಿ ಪ್ರಕಟಿಸಿದ ಗ್ರೀಕ್ ನ್ಯಾಯ ಪರಿಕಲ್ಪನೆಯನ್ನು ಕುರಿತ ಗ್ರಂಥದಲ್ಲಿ ಈ ಪಲ್ಲಟವನ್ನೇ ತಮ್ಮ ಪ್ರಮೇಯವನ್ನಾಗಿ ಮಾಡಿಕೊಂಡರು. ಮೌಖಿಕ ಸಂಸ್ಕೃತಿಯಲ್ಲಿ ನ್ಯಾಯ ತತ್ತ್ವವಾಗಿರದೆ ಜಗಳ ತೀರಿಸುವ ಕ್ರಮವಾಗಿತ್ತು, ಕಥನದ ಕ್ರಿಯೆಗಳಲ್ಲಿ ಅಡಗಿತ್ತು. ಅಕ್ಷರ ಬಲಗೊಂಡ ಮೇಲೆ, ಪ್ಲೇಟೋನ ಹೊತ್ತಿಗೆ, ಅದು ಕಥನದಿಂದ ಬಿಡಿಸಿಕೊಂಡು ಪರಿಕಲ್ಪನೆಯಾಯಿತು ಎಂಬುದು ಅವರ ವಾದದ ಸಾರ. ಮೌಖಿಕ ಪರಂಪರೆಯನ್ನು ತತ್ತ್ವಶಾಸ್ತ್ರದ ಚರ್ಚೆಯೊಳಗೆ ತಂದ ಹ್ಯಾವ್‌ಲಾಕ್ ಅವರ ಉಪಕಾರ ದೊಡ್ಡದು. ಆದರೆ ಅವರ ಚೌಕಟ್ಟಿನಲ್ಲಿ ಕಥೆಯೆಂಬುದು ಪರಿಕಲ್ಪನೆಗೆ ಏರುವ ಮೆಟ್ಟಿಲು ಮಾತ್ರ. ಏರಿದ ಮೇಲೆ ಅದರ ಕೆಲಸ ಮುಗಿಯಿತು. ನ್ಯಾಯದ ಪರಿಕಲ್ಪನೆಯನ್ನು ಕಟ್ಟಿ ಮುಗಿಸಿದ ಪ್ಲೇಟೋ ಹತ್ತನೆಯ ಭಾಗದಲ್ಲಿ ಮತ್ತೆ ಕಥೆಗೆ ಏಕೆ ಮರಳಿದ ಎಂಬುದಕ್ಕೆ ಅಲ್ಲಿ ತೃಪ್ತಿಕರವಾದ ಉತ್ತರ ದೊರೆಯುವುದಿಲ್ಲ.

ಕಥೆ ವಾದಿಸಬಲ್ಲುದು ಎಂಬುದಕ್ಕೆ ಪ್ಲೇಟೋನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಹೆಸಿಯಡ್‌ನೇ ಸಾಕ್ಷಿ. ಪಿತ್ರಾರ್ಜಿತದ ಹಂಚಿಕೆಯಲ್ಲಿ ತಮ್ಮ ಪರ್ಸಿಸ್ ಅನ್ಯಾಯವೆಸಗಿದ, ‘ಕಾಣಿಕೆ ನುಂಗುವ’ ದೊರೆಗಳು ಅವನ ಪರ ನಿಂತರು ಎಂಬ ದೂರು ಅವನ ‘ಕಾಯಕ ಮತ್ತು ದಿನಗಳು’ ಕಾವ್ಯದ ಹಿನ್ನೆಲೆ. ಆ ದೊರೆಗಳನ್ನೇ ಉದ್ದೇಶಿಸಿ ಅವನು ಗಿಡುಗ ಮತ್ತು ನೈಟಿಂಗೇಲ್ ಹಕ್ಕಿಯ ಕಥೆ ಹೇಳುತ್ತಾನೆ. ಉಗುರುಗಳಲ್ಲಿ ಸಿಕ್ಕಿ ಅಳುವ ಹಕ್ಕಿಗೆ ಗಿಡುಗ ನುಡಿಯುವುದು ಇಷ್ಟೇ: ಬಲಿಷ್ಠನ ಹಿಡಿತದಲ್ಲಿದ್ದೀಯೆ, ನೀನು ಹಾಡುಗಾತಿಯಾದರೂ ನಾನು ಒಯ್ದಲ್ಲಿಗೆ ಬರಬೇಕು, ತಿನ್ನುವುದೂ ಬಿಡುವುದೂ ನನ್ನ ಇಚ್ಛೆ. ಕಥೆಯ ಕೊನೆಗೆ ನೀತಿವಾಕ್ಯವಿಲ್ಲ. ಹಕ್ಕಿಗೆ ಮರುಮಾತಿನ ಅವಕಾಶವೂ ಇಲ್ಲ. ಗ್ರೀಕಿನಲ್ಲಿ ಆ ಹಕ್ಕಿಯ ಹೆಸರಿಗೂ ಗಾಯಕನೆಂಬ ಪದಕ್ಕೂ ನಂಟಿರುವುದರಿಂದ ಉಗುರಿನಲ್ಲಿ ಸಿಕ್ಕಿರುವವನು ಕವಿಯೇ ಎಂಬುದು ಕೇಳುಗರಿಗೆ ತಿಳಿಯುತ್ತಿತ್ತು. ಅರವತ್ತಕ್ಕೂ ಮಿಕ್ಕಿದ ಸಾಲುಗಳ ನಂತರ ಅವನು ಉತ್ತರ ಕೊಡುತ್ತಾನೆ: ಮೀನು, ಮೃಗ, ಪಕ್ಷಿಗಳು ಒಂದನ್ನೊಂದು ತಿನ್ನಲಿ, ಅವುಗಳಲ್ಲಿ ದಿಕೇ ಇಲ್ಲ, ಮನುಷ್ಯರಿಗೆ ಜ್ಯೂಸ್ ದಿಕೇಯನ್ನು ಕೊಟ್ಟಿದ್ದಾನೆ. ನಮ್ಮ ಅರ್ಥಶಾಸ್ತ್ರ ಪರಂಪರೆಯ ಮತ್ಸ್ಯನ್ಯಾಯ ಇಲ್ಲಿ ನೆನಪಾಗುವುದು ಸಹಜ. ಆದರೆ ವ್ಯತ್ಯಾಸ ಮುಖ್ಯವಾದುದು. ಮತ್ಸ್ಯನ್ಯಾಯ ದಂಡಧರನಾದ ಅರಸನ ಅಗತ್ಯವನ್ನು ಸಮರ್ಥಿಸುವ ದೃಷ್ಟಾಂತ. ಹೆಸಿಯಡ್‌ನಲ್ಲಿ ಗಿಡುಗ ಸ್ವತಃ ಅರಸನೇ. ಥ್ರಾಸಿಮಕಸ್ ಅಥೆನ್ಸಿನಲ್ಲಿ ಹೊಸದೇನನ್ನೋ ಹೇಳಿದನೆಂದು ತತ್ತ್ವಶಾಸ್ತ್ರದ ಚರಿತ್ರೆಗಳು ಬರೆಯುತ್ತವೆ. ಅವನು ಹೇಳಿದ್ದು ಗಿಡುಗನ ಮಾತನ್ನು.

ಪ್ರಾಣಿಕಥೆ ಗ್ರೀಸಿನಲ್ಲಿ ಮಕ್ಕಳ ಮನರಂಜನೆಗೆ ಸೀಮಿತವಾಗಿರಲಿಲ್ಲ. ಈಸೋಪ ಸಾಮೋಸ್‌ನ ಇಯಾಡ್ಮನ್ ಎಂಬುವನ ಗುಲಾಮನಾಗಿದ್ದನೆಂದು ಹೆರೊಡೋಟಸ್ ದಾಖಲಿಸಿದ್ದಾನೆ. ವಿಚಾರಣೆಗೆ ಒಳಗಾದವರು ಪಂಚರನ್ನು ನಗಿಸಿ ಒಲಿಸಿಕೊಳ್ಳಲು ಈಸೋಪನ ಕಥೆ ಹೇಳುತ್ತಿದ್ದರೆಂಬುದು ಅರಿಸ್ಟೋಫೇನಿಸನ ‘ಕಣಜಗಳು’ ನಾಟಕದಿಂದ ತಿಳಿಯುತ್ತದೆ. ಅರಿಸ್ಟಾಟಲ್ ತನ್ನ ‘ವಾಗ್ಮಿತೆ’ಯಲ್ಲಿ ಈಸೋಪ ಸಾಮೋಸ್‌ನ ಸಭೆಯಲ್ಲಿ ಮರಣದಂಡನೆಯ ಆರೋಪ ಹೊತ್ತ ಜನನಾಯಕನೊಬ್ಬನ ಪರವಾಗಿ ಹೇಳಿದ ಕಥೆಯನ್ನು ಉದಾಹರಿಸುತ್ತಾನೆ: ಮೈಗೆ ಹತ್ತಿದ ಉಣ್ಣೆಗಳನ್ನು ಕೀಳಲು ಮುಳ್ಳುಹಂದಿ ಮುಂದಾದಾಗ ನರಿ ಬೇಡವೆನ್ನುತ್ತದೆ, ಏಕೆಂದರೆ ಇವು ಹೊಟ್ಟೆ ತುಂಬಿದವು, ಇವನ್ನು ಕಿತ್ತರೆ ಹಸಿದವು ಬಂದು ಉಳಿದ ರಕ್ತವನ್ನೂ ಹೀರುತ್ತವೆ. ಇದೇ ಅರಿಸ್ಟಾಟಲ್ ‘ರಾಜನೀತಿ’ಯ ಮೂರನೆಯ ಭಾಗದಲ್ಲಿ, ಎಲ್ಲರನ್ನೂ ಮೀರಿಸಿದ ಸಾಮರ್ಥ್ಯವುಳ್ಳವರಿಗೆ ಸಮಾನತೆಯ ಕಾನೂನು ಅನ್ವಯಿಸದೆಂದು ವಾದಿಸುವಾಗ, ಮೊಲಗಳು ಸಭೆಯಲ್ಲಿ ಸಮಾನತೆ ಕೇಳಿದಾಗ ಸಿಂಹಗಳು ಕೊಟ್ಟ ಉತ್ತರವನ್ನು ನೆನಪಿಸುತ್ತಾನೆ. ಸಿಂಹಗಳು ಏನೆಂದವು ಎಂಬುದನ್ನು ಅವನು ಹೇಳುವುದೇ ಇಲ್ಲ. ಓದುಗನಿಗೆ ಅದು ಗೊತ್ತಿತ್ತು. ನಿಮ್ಮ ಉಗುರು ಹಲ್ಲುಗಳೆಲ್ಲಿ ಎಂಬ ಆ ಉತ್ತರ ಈಸೋಪನ ಪರಂಪರೆಯಲ್ಲಿ ಉಳಿದು ಬಂದಿದೆ. ಗುಲಾಮನೊಬ್ಬನ ಹೆಸರಿನಲ್ಲಿ ನಡೆದು ಬಂದ ಪ್ರಕಾರವನ್ನು, ಕೆಲವರು ಸ್ವಭಾವತಃ ಗುಲಾಮರು ಎಂದು ವಾದಿಸಿದ ಚಿಂತಕ ಸಿಂಹದ ಪಕ್ಷಕ್ಕೆ ಬಳಸಿಕೊಂಡದ್ದು ಜಾನಪದದ ರಾಜಕಾರಣವನ್ನು ಅರಿಯಲು ಒಳ್ಳೆಯ ನಿದರ್ಶನ.

ಈಗ ಗೈಜಿಸನ ಉಂಗುರದ ಕಥೆಗೆ ಬರಬಹುದು. ‘ರಿಪಬ್ಲಿಕ್’ನ ಎರಡನೆಯ ಭಾಗದಲ್ಲಿ ಪ್ಲೇಟೋನ ಅಣ್ಣ ಗ್ಲಾಕಾನ್ ಇದನ್ನು ಹೇಳುತ್ತಾನೆ. ಲಿಡಿಯಾದ ಅರಸನ ಕುರಿಗಾಹಿಯೊಬ್ಬ, ಮಳೆ ಮತ್ತು ಭೂಕಂಪದಿಂದ ಬಾಯ್ಬಿಟ್ಟ ನೆಲದೊಳಗೆ ಇಳಿಯುತ್ತಾನೆ. ಅಲ್ಲಿ ಕಿರುಬಾಗಿಲುಗಳುಳ್ಳ ಪೊಳ್ಳು ಕಂಚಿನ ಕುದುರೆ. ಅದರೊಳಗೆ ಮನುಷ್ಯಮಾತ್ರದವರಿಗಿಂತ ದೊಡ್ಡದಾದ ಶವ. ಶವದ ಕೈಯಲ್ಲಿ ಚಿನ್ನದ ಉಂಗುರವಲ್ಲದೆ ಬೇರೇನೂ ಇಲ್ಲ. ಉಂಗುರ ತೆಗೆದುಕೊಂಡು ಮೇಲೆ ಬಂದವನು, ಮಂದೆಯ ಲೆಕ್ಕ ಒಪ್ಪಿಸಲು ತಿಂಗಳಿಗೊಮ್ಮೆ ಕೂಡುವ ಕುರುಬರ ಸಭೆಯಲ್ಲಿ ಅದರ ಹರಳನ್ನು ಅಂಗೈಯ ಕಡೆ ತಿರುಗಿಸಿದಾಗ ಅದೃಶ್ಯನಾಗುವುದನ್ನು ಕಂಡುಕೊಳ್ಳುತ್ತಾನೆ. ಅರಮನೆಗೆ ದೂತನಾಗಿ ಹೋಗಿ, ರಾಣಿಯನ್ನು ಕೂಡಿ, ಅರಸನನ್ನು ಕೊಂದು ರಾಜ್ಯ ಪಡೆಯುತ್ತಾನೆ. ಇಂಥ ಎರಡು ಉಂಗುರಗಳಿದ್ದು ಒಂದನ್ನು ನ್ಯಾಯವಂತನಿಗೂ ಇನ್ನೊಂದನ್ನು ಅನ್ಯಾಯಗಾರನಿಗೂ ಕೊಟ್ಟರೆ ಇಬ್ಬರೂ ಒಂದೇ ದಾರಿ ಹಿಡಿಯುತ್ತಾರೆ, ಎಂದರೆ ನ್ಯಾಯವೆಂಬುದು ದುರ್ಬಲರು ಪರಸ್ಪರ ಭಯದಿಂದ ಮಾಡಿಕೊಂಡ ಒಪ್ಪಂದ ಎಂಬುದು ಗ್ಲಾಕಾನ್ ತೆಗೆಯುವ ನಿರ್ಣಯ.

ಇದೇ ಗೈಜಿಸನ ಇನ್ನೊಂದು ಕಥೆ ಹೆರೊಡೋಟಸ್‌ನ ಮೊದಲ ಭಾಗದಲ್ಲಿದೆ. ಅಲ್ಲಿ ಉಂಗುರವಿಲ್ಲ, ಕುರುಬನಿಲ್ಲ. ಅರಸ ಕ್ಯಾಂಡೌಲಿಸ್ ಹೆಂಡತಿಯ ಚೆಲುವಿನ ಬಗ್ಗೆ ಬೀಗಿ, ತನ್ನ ಅಂಗರಕ್ಷಕ ಗೈಜಿಸ್ ಬಾಗಿಲ ಮರೆಯಲ್ಲಿ ನಿಂತು ಅವಳನ್ನು ನಗ್ನಳಾಗಿ ನೋಡಲೇಬೇಕೆಂದು ಒತ್ತಾಯಿಸುತ್ತಾನೆ. ಮರೆಯಾಗಿ ನಿಂತವನನ್ನು ರಾಣಿ ಕಂಡುಬಿಡುತ್ತಾಳೆ. ಮರುದಿನ ಅವನನ್ನು ಕರೆಸಿ, ಅರಸನನ್ನು ಕೊಲ್ಲು ಇಲ್ಲವೇ ನೀನು ಸಾಯಿ ಎನ್ನುತ್ತಾಳೆ. ಅದೇ ಬಾಗಿಲ ಮರೆಯಿಂದ ಹೊರಟು ಗೈಜಿಸ್ ಕೊಲೆ ಮಾಡುತ್ತಾನೆ. ಡೆಲ್ಫಿಯ ದೈವವಾಣಿ ಅವನ ಅರಸೊತ್ತಿಗೆಯನ್ನು ಒಪ್ಪುತ್ತದೆ, ಆದರೆ ಅವನ ಐದನೆಯ ತಲೆಮಾರಿಗೆ ಪ್ರತೀಕಾರ ಕಾದಿದೆ ಎಂಬ ಮಾತನ್ನೂ ಸೇರಿಸುತ್ತದೆ. ಆ ಐದನೆಯವನೇ ಕ್ರೀಸಸ್. ಗೈಜಿಸ್ ಚಾರಿತ್ರಿಕ ವ್ಯಕ್ತಿ. ಅಸ್ಸೀರಿಯಾದ ಅಶುರ್‌ಬನಿಪಾಲನ ಶಾಸನಗಳಲ್ಲಿ ಅವನ ಹೆಸರಿದೆ. ಈ ಪಾಠಗಳನ್ನು ಹೋಲಿಸಿ ಮೂಲಕಥೆಯೊಂದನ್ನು ಪುನಾರಚಿಸುವ ಪ್ರಯತ್ನವನ್ನು ಕರ್ಬಿ ಫ್ಲವರ್ ಸ್ಮಿತ್ 1902ರಲ್ಲಿಯೇ ಮಾಡಿದ್ದರು. ಪುನಾರಚನೆಯ ಆ ಹಂಬಲ ಅಂದಿನ ಜಾನಪದ ವಿಧಾನಕ್ಕೆ ಸಹಜವಾಗಿತ್ತು. ನಮಗೆ ಮುಖ್ಯವಾಗಬೇಕಾದುದು ಮೂಲವಲ್ಲ, ವ್ಯತ್ಯಾಸ.

ಆ ವ್ಯತ್ಯಾಸ ತೀರ ಅರ್ಥಪೂರ್ಣವಾದುದು. ಹೆರೊಡೋಟಸ್‌ನಲ್ಲಿ ಅದೃಶ್ಯನಾದವನು ಕಾಣಿಸಿಕೊಳ್ಳುತ್ತಾನೆ, ಅವನನ್ನು ಕಂಡ ಕಣ್ಣು ಅನ್ಯಾಯಕ್ಕೊಳಗಾದ ಹೆಣ್ಣಿನದು. ಪ್ಲೇಟೋನ ಪಾಠದಲ್ಲಿ ರಾಣಿ ಕೊಲೆಗೆ ನೆರವಾಗುವ ಉಪಕರಣ ಮಾತ್ರ. ಅವಳಿಗೆ ಮಾತೂ ಇಲ್ಲ, ನೋಟವೂ ಇಲ್ಲ. ಐದನೆಯ ತಲೆಮಾರಿನ ಪ್ರತೀಕಾರವೂ ಇಲ್ಲ. ನೋಡುವ ಕಣ್ಣು, ತಡವಾಗಿ ಬರುವ ದಂಡನೆ, ಇವೆರಡನ್ನೂ ತೆಗೆದುಹಾಕಿದ ಮೇಲಷ್ಟೇ ಗ್ಲಾಕಾನನ ನಿರ್ಣಯ ನಿಲ್ಲುತ್ತದೆ. ಇನ್ನೊಂದು ಅಂಶವನ್ನೂ ಇಲ್ಲಿ ಸೇರಿಸಬೇಕು. 1928ರಲ್ಲಿ ಪ್ರಕಟವಾದ ವ್ಲಾದಿಮಿರ್ ಪ್ರಾಪ್ ಅವರ ಅಧ್ಯಯನ ತೋರಿಸಿದಂತೆ ಕಿನ್ನರ ಕಥೆಗಳಲ್ಲಿ ಮಾಂತ್ರಿಕ ವಸ್ತು ಸಾಮಾನ್ಯವಾಗಿ ದಾನಿಯೊಬ್ಬನ ಪರೀಕ್ಷೆಯನ್ನು ಹಾಯ್ದು ನಾಯಕನ ಕೈ ಸೇರುತ್ತದೆ: ಮುದುಕಿಗೆ ನೀರು ಕೊಟ್ಟವನಿಗೆ, ಇರುವೆಯನ್ನು ಉಳಿಸಿದವನಿಗೆ. ಗ್ಲಾಕಾನನ ಕುರುಬನಿಗೆ ದಾನಿಯಿಲ್ಲ, ಪರೀಕ್ಷೆಯಿಲ್ಲ. ಅವನು ಹೆಣದ ಕೈಯಿಂದ ಉಂಗುರ ಕಳಚಿದವನು. ಕಥೆಯ ವ್ಯಾಕರಣದ ಪ್ರಕಾರ ಅವನು ನಾಯಕನೇ ಅಲ್ಲ. ಮನುಷ್ಯಸ್ವಭಾವದ ಬಗೆಗಿನ ಪ್ರಯೋಗವೆಂದು ತತ್ತ್ವಶಾಸ್ತ್ರಜ್ಞರು ಚರ್ಚಿಸುತ್ತ ಬಂದ ಕಥೆ, ಪ್ರಯೋಗ ಶುರುವಾಗುವ ಮೊದಲೇ ಕಳ್ಳನೊಬ್ಬನನ್ನು ಆರಿಸಿಕೊಂಡಿದೆ. ಸಾಕ್ರಟೀಸ್ ಇದನ್ನು ಬಳಸಿಕೊಳ್ಳಬಹುದಿತ್ತು. ಅವನು ಕಥೆಯನ್ನು ಪ್ರಶ್ನಿಸದೆ ಒಪ್ಪಿ, ಉತ್ತರವನ್ನು ನಗರ ಮತ್ತು ಆತ್ಮದ ಮೂರು ಅಂಗಗಳ ಸಾಮರಸ್ಯದಲ್ಲಿ ಹುಡುಕಲು ಹೊರಡುತ್ತಾನೆ. ನಾಲ್ಕನೆಯ ಭಾಗದಲ್ಲಿ ಸಿಗುವ ಆ ಉತ್ತರ, ಎಂದರೆ ಪ್ರತಿಯೊಬ್ಬನೂ ತನ್ನ ತನ್ನ ಕೆಲಸವನ್ನು ಮಾಡುವುದೇ ನ್ಯಾಯ ಎಂಬುದು, ಎಲ್ಲರಿಗೂ ತಿಳಿದದ್ದು.

‘ಪ್ರೊಟಾಗೊರಾಸ್’ ಸಂವಾದದಲ್ಲಿ ಬರುವ ಕಥೆ ಇದಕ್ಕೆ ನೇರ ಎದುರಾಗಿ ನಿಲ್ಲುತ್ತದೆ. ಪ್ರಮಿಥಿಯಸ್ ಕದ್ದು ತಂದ ಬೆಂಕಿ ಮತ್ತು ಕಸುಬುಗಳಿದ್ದರೂ ಮನುಷ್ಯರು ಒಟ್ಟಿಗೆ ಬಾಳಲಾರದೆ ಹೋದಾಗ ಜ್ಯೂಸ್ ಹರ್ಮಿಸನ ಕೈಯಲ್ಲಿ ಲಜ್ಜೆಯನ್ನೂ ನ್ಯಾಯವನ್ನೂ ಕಳಿಸುತ್ತಾನೆ. ವೈದ್ಯವಿದ್ಯೆಯಂತೆ ಕೆಲವರಿಗೆ ಮಾತ್ರ ಹಂಚಲೇ, ಎಲ್ಲರಿಗೂ ಹಂಚಲೇ ಎಂದು ಹರ್ಮಿಸ್ ಕೇಳುತ್ತಾನೆ. ಎಲ್ಲರಿಗೂ ಎನ್ನುತ್ತಾನೆ ಜ್ಯೂಸ್. ಕಮ್ಮಾರನೂ ಚಮ್ಮಾರನೂ ಸಭೆಯಲ್ಲಿ ಎದ್ದು ಮಾತನಾಡಬಹುದಾದ ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಚಿಕ್ಕದಾದ, ಚೊಕ್ಕವಾದ ಸಮರ್ಥನೆ ಗ್ರೀಕ್ ಸಾಹಿತ್ಯದಲ್ಲಿ ನನಗೆ ಕಂಡಿಲ್ಲ. ಅದನ್ನು ಬರೆದಿಟ್ಟವನು ಪ್ರಜಾಪ್ರಭುತ್ವದ ಕಡು ಟೀಕಾಕಾರನಾದ ಪ್ಲೇಟೋ. ಆ ಹಂಚಿಕೆಯಲ್ಲಿ ಗುಲಾಮರೂ ಹೆಂಗಸರೂ ಸೇರಿದ್ದರೇ ಎಂಬ ಪ್ರಶ್ನೆಯನ್ನು ಅಥೆನ್ಸಿನ ಸಭೆ ಕೇಳಿಕೊಳ್ಳಲಿಲ್ಲ; ಕಥೆ ಅದಕ್ಕೆ ಬಾಗಿಲನ್ನು ಮುಚ್ಚಿಯೂ ಇಲ್ಲ.

‘ರಿಪಬ್ಲಿಕ್’ನ ಎರಡನೆಯ ಭಾಗದ ಕೊನೆಗೆ ಸಾಕ್ರಟೀಸ್ ತಾಯಂದಿರೂ ದಾದಿಯರೂ ಮಕ್ಕಳಿಗೆ ಹೇಳುವ ಕಥೆಗಳ ಮೇಲೆ ನಿಗಾ ಇಡಬೇಕೆನ್ನುತ್ತಾನೆ. ಒಪ್ಪಿತವಾದವನ್ನಷ್ಟೇ ಅವರು ಹೇಳಬೇಕು. ಈಗ ಹೇಳುತ್ತಿರುವವುಗಳಲ್ಲಿ ಬಹುಪಾಲನ್ನು ಎಸೆಯಬೇಕು. ಹೀಗೆ ತೆರವಾದ ಜಾಗಕ್ಕೆ ಮೂರನೆಯ ಭಾಗದಲ್ಲಿ ಅವನೇ ಒಂದು ಕಥೆ ತರುತ್ತಾನೆ. ನಗರದ ಪ್ರಜೆಗಳೆಲ್ಲ ಭೂಮಿಯ ಗರ್ಭದಲ್ಲಿ ರೂಪುಗೊಂಡ ಒಡಹುಟ್ಟಿದವರು; ಆಳಲು ತಕ್ಕವರಲ್ಲಿ ದೇವರು ಚಿನ್ನ ಬೆರೆಸಿದ್ದಾನೆ, ಸಹಾಯಕರಲ್ಲಿ ಬೆಳ್ಳಿ, ರೈತರು ಮತ್ತು ಕುಶಲಕರ್ಮಿಗಳಲ್ಲಿ ಕಬ್ಬಿಣ ಮತ್ತು ಕಂಚು. ಕಾರ್ಲ್ ಪಾಪರ್ 1945ರಲ್ಲಿ ಇದನ್ನು ಸರ್ವಾಧಿಕಾರದ ಪ್ರಚಾರಸಾಮಗ್ರಿಯೆಂದು ಖಂಡಿಸಿದರು. ಡಾ. ಅಂಬೇಡ್ಕರ್ ಅವರು ಅದಕ್ಕೂ ಮೊದಲೇ, 1936ರ ‘ಜಾತಿ ವಿನಾಶ’ದಲ್ಲಿ, ಚಾತುರ್ವರ್ಣ್ಯವನ್ನು ಪ್ಲೇಟೋನ ಮೂರು ವರ್ಗಗಳ ಜೊತೆಗಿಟ್ಟು ನೋಡಿ, ಮನುಷ್ಯರ ಅಸಂಖ್ಯ ಶಕ್ತಿಗಳನ್ನು ಕೆಲವೇ ಪೆಟ್ಟಿಗೆಗಳಲ್ಲಿ ತುಂಬುವುದು ಮನುಷ್ಯನ ಬಗೆಗಿನ ತೀರ ಮೇಲುನೋಟವೆಂದು ತೋರಿಸಿದ್ದರು. ಈ ಆಕ್ಷೇಪ ಪಾಪರ್ ಅವರದಕ್ಕಿಂತ ಆಳವಾದುದು ಎಂದು ನನ್ನ ಅಭಿಪ್ರಾಯ. ಏಕೆಂದರೆ ಅದು ಸುಳ್ಳಿನ ಬಗ್ಗೆ ದೂರುವುದಿಲ್ಲ, ವಿಂಗಡಣೆಯನ್ನೇ ಪ್ರಶ್ನಿಸುತ್ತದೆ.

ಜಾನಪದದ ದೃಷ್ಟಿಯಿಂದ ಸೇರಿಸಬಹುದಾದ ಮಾತೊಂದಿದೆ. ಈ ಕಥೆಯಲ್ಲಿ ಪ್ಲೇಟೋ ಹೊಸದಾಗಿ ಕಟ್ಟಿದ್ದು ಬಹಳ ಕಡಿಮೆ. ನೆಲದಿಂದ ಹುಟ್ಟಿದವರ ಆಶಯ ಥೀಬ್ಸಿನ ಕ್ಯಾಡ್ಮಸನ ಐತಿಹ್ಯದಲ್ಲಿದೆ. ತಾವು ಇದೇ ಮಣ್ಣಿನಿಂದ ಹುಟ್ಟಿದವರೆಂಬುದು ಅಥೆನ್ಸಿನವರ ಹೆಮ್ಮೆಯೂ ಹೌದು. ಲೋಹಗಳು ಹೆಸಿಯಡ್‌ನವು. ಆದರೆ ಹೆಸಿಯಡ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು, ಕಬ್ಬಿಣ ಒಂದರ ನಂತರ ಒಂದಾಗಿ ಬಂದ ಪೀಳಿಗೆಗಳು; ನಡುವೆ ವೀರರ ಪೀಳಿಗೆಯೊಂದಿದೆ; ಕವಿಯೂ ದೊರೆಯೂ ಈಗ ಕಬ್ಬಿಣದವರೇ. ಪ್ಲೇಟೋ ಕಾಲದ ಈ ಸಾಲನ್ನು ಮಲಗಿದ್ದಲ್ಲಿಂದ ಎಬ್ಬಿಸಿ ಏಣಿಯಾಗಿ ನಿಲ್ಲಿಸಿದ. ಕಬ್ಬಿಣದ ತಂದೆಗೆ ಚಿನ್ನದ ಮಗ ಹುಟ್ಟಬಹುದು, ಅವನನ್ನು ಮೇಲೇರಿಸಬೇಕು ಎಂಬ ಅವಕಾಶವನ್ನು ಕಥೆ ಕೊಡುತ್ತದೆ. ನಮ್ಮ ವರ್ಣಪುರಾಣದಿಂದ ಅದು ಬೇರೆಯಾಗುವುದು ಇಲ್ಲಿ. ಆದರೆ ಲೋಹವನ್ನು ಪರೀಕ್ಷಿಸುವ ಅಕ್ಕಸಾಲಿಗರೂ ಚಿನ್ನದವರೇ ಎಂಬುದನ್ನು ಮರೆಯುವಂತಿಲ್ಲ. ಜನಪದ ಕಥೆ ಪಾಠಾಂತರಗಳಲ್ಲಿ ಬದುಕುತ್ತದೆ. ಹೇಳುವವಳು ಅದನ್ನು ತಿದ್ದಬಹುದು, ಕೇಳುವವಳು ಇನ್ನೊಂದೆಡೆ ಬೇರೆ ಕೊನೆಯನ್ನು ಹೊಲಿಯಬಹುದು. ಪ್ಲೇಟೋನ ನಗರದಲ್ಲಿ ಈ ಕಥೆಗೆ ಒಂದೇ ಪಾಠ. ಕಬ್ಬಿಣದವರು ಹೇಳಿಕೊಳ್ಳಬಹುದಾದ ಲೋಹದ ಕಥೆ ಹೇಗಿರುತ್ತಿತ್ತು ಎಂಬುದನ್ನು ಊಹಿಸಲು ಅಲ್ಲಿ ಎಡೆಯಿಲ್ಲ. ಇದನ್ನು ಜನ ನಂಬುತ್ತಾರೆಯೇ ಎಂದು ಕೇಳಿದಾಗ ಗ್ಲಾಕಾನ್ ಇವರು ನಂಬುವುದಿಲ್ಲ, ಇವರ ಮಕ್ಕಳು, ಮುಂದಿನವರು ನಂಬಬಹುದು ಎನ್ನುತ್ತಾನೆ. ಕಥೆ ಹೇಗೆ ಪರಂಪರೆಯಾಗುತ್ತದೆ ಎಂಬ ಬಗ್ಗೆ ಇಷ್ಟು ನಿರ್ಲಿಪ್ತವಾದ, ಇಷ್ಟು ಭಯ ಹುಟ್ಟಿಸುವ ಮಾತು ಪ್ರಾಚೀನ ಸಾಹಿತ್ಯದಲ್ಲಿ ವಿರಳ.

ಹತ್ತನೆಯ ಭಾಗದ ಎರ್‌ನ ಕಥೆ ಕೆಫಾಲಸನ ಭಯಕ್ಕೆ ಮರಳುತ್ತದೆ. ಪ್ಯಾಂಫಿಲಿಯಾದ ಈ ಯೋಧ ಯುದ್ಧದಲ್ಲಿ ಸತ್ತು, ಹನ್ನೆರಡನೆಯ ದಿನ ಚಿತೆಯ ಮೇಲೆ ಎಚ್ಚತ್ತು, ತಾನು ಕಂಡದ್ದನ್ನು ಹೇಳುತ್ತಾನೆ: ನ್ಯಾಯವಂತರು ಮೇಲಕ್ಕೆ, ಅನ್ಯಾಯಗಾರರು ಕೆಳಕ್ಕೆ ಹೋಗಿ ಸಾವಿರ ವರ್ಷದ ಯಾತ್ರೆ ಮುಗಿಸಿ ಬರುವುದು, ಅನಂತರ ಚೀಟಿ ಎತ್ತಿದ ಸರದಿಯಂತೆ ಮುಂದಿನ ಜನ್ಮವನ್ನು ತಾವೇ ಆರಿಸಿಕೊಳ್ಳುವುದು. ಇಡೀ ಬ್ರಹ್ಮಾಂಡ ಅನಿವಾರ್ಯತೆಯೆಂಬ ದೇವಿಯ ಮಡಿಲಲ್ಲಿರುವ ಕದಿರಿನಂತೆ ತಿರುಗುತ್ತದೆ. ಅವಳ ಮೂವರು ಹೆಣ್ಣುಮಕ್ಕಳು ಅದನ್ನು ತಿರುವುತ್ತ ಹಾಡುತ್ತಾರೆ. ದಾದಿಯರ ಕಥೆಗಳಿಗೆ ಕಾವಲಿಟ್ಟ ಗ್ರಂಥ, ನೂಲುವ ಹೆಂಗಸರ ಅಂಗಳದಲ್ಲಿ ವಿಶ್ವವನ್ನು ಕಂಡಿದೆ.

ಈ ಆಯ್ಕೆಯ ವಿವರಗಳನ್ನು ವ್ಯಾಖ್ಯಾನಕಾರರು ಚಿತ್ರಸಾಲೆಯೆಂದು ನೋಡಿ ಮುಂದೆ ಸಾಗುತ್ತಾರೆ: ಆರ್ಫಿಯಸ್ ಹಂಸವಾಗುವುದು, ಅಗಮೆಮ್ನಾನ್ ಹದ್ದಾಗುವುದು, ಥೆರ್ಸಿಟಿಸ್ ಮಂಗವಾಗುವುದು, ಕೊನೆಯ ಚೀಟಿ ಬಂದ ಒಡಿಸ್ಯೂಸ್ ಹುಡುಕಿ ಹುಡುಕಿ ಯಾರೂ ಮುಟ್ಟದ ಸಾಧಾರಣ ಗೃಹಸ್ಥನ ಬಾಳನ್ನು ಆರಿಸುವುದು. ಆದರೆ ಮೊದಲ ಚೀಟಿಯವನನ್ನು ಹೀಗೆ ದಾಟಲಾಗದು. ಅವನು ಅವಸರದಲ್ಲಿ ಅತಿದೊಡ್ಡ ಸರ್ವಾಧಿಕಾರವನ್ನು ಆರಿಸಿಕೊಂಡು, ಅದರಲ್ಲಿ ತನ್ನ ಮಕ್ಕಳನ್ನೇ ತಿನ್ನುವ ವಿಧಿಯಿದೆಯೆಂದು ಆಮೇಲೆ ಕಂಡು ಎದೆ ಬಡಿದುಕೊಳ್ಳುತ್ತಾನೆ. ತನ್ನನ್ನಲ್ಲದೆ ಮಿಕ್ಕೆಲ್ಲವನ್ನೂ ಶಪಿಸುತ್ತಾನೆ. ಅವನು ಬಂದದ್ದು ಮೇಲಿನ ಲೋಕದಿಂದ. ಹಿಂದಿನ ಜನ್ಮದಲ್ಲಿ ಸುವ್ಯವಸ್ಥಿತವಾದ ನಗರದಲ್ಲಿ ಬಾಳಿ, ತತ್ತ್ವಜ್ಞಾನವಿಲ್ಲದೆ, ರೂಢಿಯಿಂದ ಸದ್ಗುಣಿಯಾಗಿದ್ದವನು. ಈ ವಿವರವನ್ನು ಸಾಕ್ರಟೀಸನೇ ಕೊಡುತ್ತಾನೆ.

ಚಿನ್ನ ಬೆಳ್ಳಿಗಳ ನಗರದಲ್ಲಿ ರೈತರು, ಕುಶಲಕರ್ಮಿಗಳು, ಬಹುಪಾಲು ಸಹಾಯಕರು ನ್ಯಾಯವಂತರಾಗಿರಬೇಕಾದದ್ದು ರೂಢಿಯಿಂದಲೇ ಹೊರತು ತತ್ತ್ವಜ್ಞಾನದಿಂದಲ್ಲ. ತತ್ತ್ವಜ್ಞಾನ ಕೆಲವರ ಪಾಲಿನದು. ಹಾಗಿದ್ದರೆ ಮೊದಲ ಚೀಟಿಯವನು ಅಂಥ ನಗರದ ಸಾಮಾನ್ಯ ಪ್ರಜೆಯೇ ಆಗಿರಬಹುದಿತ್ತು. ಕಾವಲು ತೆಗೆದ ಕ್ಷಣದಲ್ಲಿ ಅವನು ಆರಿಸಿದ್ದು ಗೈಜಿಸನ ಬಾಳನ್ನು. ಗ್ರಂಥ ಮುಗಿಯುವ ಹೊತ್ತಿಗೆ ಗ್ಲಾಕಾನನ ಪ್ರಶ್ನೆ ಹೀಗೆ ಮತ್ತೆ ಎದ್ದು ನಿಲ್ಲುತ್ತದೆ, ಈ ಸಲ ಸಾಕ್ರಟೀಸನ ಬಾಯಿಂದಲೇ. ಪ್ಲೇಟೋ ಇದನ್ನು ಅರಿತೇ ಬರೆದನೆಂದು ಕೆಲವರು ವಾದಿಸಬಹುದು. ಕಥೆಗೆ ತನ್ನದೇ ಆದ ನಡೆಯಿದೆ, ಅದು ಹೇಳುವವನನ್ನು ಮೀರುತ್ತದೆ ಎಂಬುದು ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆಲ್ಲ ತಿಳಿದ ಸಂಗತಿಯಾದ್ದರಿಂದ ನಾನು ಎರಡನೆಯ ಸಾಧ್ಯತೆಯ ಕಡೆಗೇ ವಾಲುತ್ತೇನೆ. ಆತ್ಮಗಳೆಲ್ಲ ಮರೆವಿನ ಬಯಲಿನ ನದಿಯಲ್ಲಿ ನೀರು ಕುಡಿಯುತ್ತವೆ. ಎರ್‌ನಿಗೆ ಮಾತ್ರ ಕುಡಿಯಲು ಬಿಡುವುದಿಲ್ಲ. ಹಾಗಾಗಿ ಕಥೆ ಉಳಿಯಿತು ಎನ್ನುತ್ತಾನೆ ಸಾಕ್ರಟೀಸ್. ಅದನ್ನು ಉಳಿಸಿ ತಂದವನು ಅಥೆನ್ಸಿನ ತತ್ತ್ವಜ್ಞಾನಿಯಲ್ಲ, ದೂರದ ಪ್ಯಾಂಫಿಲಿಯಾದಿಂದ ಬಂದ ಒಬ್ಬ ಸಿಪಾಯಿ.